ದೂರ ಸರಿಹೋದರೆ ರಸ: ವೆನಿಸ್‌ನಲ್ಲಿ ಚಿತ್ರ, ಒಪೆರಾ ಸವಿಯಲು ಒಂದು ದಿನದ ಕೈಪಿಡಿ

ಚಿತ್ರಕಲೆ ತಮಗೆ ತಿಳಿಯುವುದಿಲ್ಲ, ಒಪೆರಾ ಅಂತೂ ತಮ್ಮಂಥವರಿಗಲ್ಲ ಎಂದು ಮೊದಲೇ ಕೈಚೆಲ್ಲುವವರು ಬಹಳ ಮಂದಿ ಇದ್ದಾರೆ. ಈ ಬರಹ ಅವರಿಗಾಗಿಯೇ. ಎರಡೂ ಕಲೆಗಳಲ್ಲಿ ಹೊಸಬರಿಗೆ ತೊಡಕಾಗುವ ಸಂಗತಿ ಹೆಚ್ಚಾಗಿ ಒಂದೇ: ಎಷ್ಟು ದೂರದಲ್ಲಿ ಇರಬೇಕು ಎಂಬುದು. ಗೋಡೆ ತುಂಬುವಷ್ಟು ದೊಡ್ಡ ಚಿತ್ರಕ್ಕೆ ಮೂಗು ತಾಗಿಸಿ ನಿಂತರೆ ಬಣ್ಣದ ಕಲೆಗಳಷ್ಟೇ ಕಾಣುತ್ತವೆ. ಅಂಗೈಯಗಲದ ವಿವರಗಳಿರುವ ಸಣ್ಣ ಚಿತ್ರವನ್ನು ಬಾಗಿಲಿನಿಂದಲೇ ನೋಡಿ ಮುಂದೆ ಹೋದರೆ ಏನೂ ದಕ್ಕುವುದಿಲ್ಲ. ದೊಡ್ಡ ರಂಗಮಂದಿರದ ತೀರಾ ಮೇಲಿನ ಸಾಲಿನಲ್ಲಿ ಕೂತು ಜೀವನದ ಮೊದಲ ಒಪೆರಾ ಕೇಳಿದವರಿಗೆ ಹಾಡುವವರ ಮುಖ ಕಾಣದೆ, ಭಾಷೆಯೂ ತಿಳಿಯದೆ, ಕತೆ ಕೈತಪ್ಪಿ ಹೋಗುವುದು ಸಹಜ. ದೂರ ಸರಿಹೋದರೆ ಕಣ್ಣು, ಕಿವಿ ತಾವಾಗಿಯೇ ಕೆಲಸ ಶುರುಮಾಡುತ್ತವೆ. ರಸಿಕತೆಯ ಮೊದಲ ಪಾಠ ಅದೇ ಎಂದು ನಾನು ನಂಬುತ್ತೇನೆ.

ಈ ಪಾಠ ಕಲಿಯಲು ವೆನಿಸ್‌ಗೆ ಹೋಗಿ. ಯಾವ ಗೋಡೆಗೆಂದು ಬರೆದರೋ ಅದೇ ಗೋಡೆಯ ಮೇಲೆ ಐನೂರು ವರ್ಷಗಳಿಂದ ಇರುವ ಚಿತ್ರಗಳು ಆ ಊರಿನಲ್ಲಿವೆ. ಟಿಕೆಟ್ ಕೊಂಡು ಬರುವ ಸಾರ್ವಜನಿಕರಿಗಾಗಿ ಒಪೆರಾ ಮಂದಿರ ಮೊದಲು ಬಾಗಿಲು ತೆರೆದದ್ದೂ ಅಲ್ಲೇ, 1637ರಲ್ಲಿ, ಸ್ಯಾನ್ ಕಸ್ಸಿಯಾನೊ ರಂಗಮಂದಿರದಲ್ಲಿ. ಈಗ ಅದೇ ಊರಿನ ಗ್ರ್ಯಾಂಡ್ ಕೆನಾಲ್ ದಂಡೆಯ ಹಳೆಯ ಅರಮನೆಯೊಂದರಲ್ಲಿ ‘ಮೂಸಿಕಾ ಆ ಪಲಾಜೊ’ ಎಂಬ ತಂಡ ವೇದಿಕೆ, ಪರದೆ ಯಾವುದೂ ಇಲ್ಲದೆ, ಪ್ರೇಕ್ಷಕರನ್ನು ಕೋಣೆಯಿಂದ ಕೋಣೆಗೆ ಕರೆದೊಯ್ಯುತ್ತ ಒಪೆರಾ ಆಡುತ್ತದೆ. ಹಗಲು ಚಿತ್ರ, ಇರುಳು ಒಪೆರಾ, ನಡುವೆ ಕಾಲ್ನಡಿಗೆ: ಒಂದು ದಿನಕ್ಕೆ ಇಷ್ಟು ಧಾರಾಳ.

ಹಿಂದಿನ ದಿನದ ತಯಾರಿ

ನೋಡಬೇಕಾದ ಚಿತ್ರಗಳನ್ನು ಮೊದಲೇ ಆರಿಸಿಕೊಳ್ಳಿ. ನಾಲ್ಕು ಸಾಕು. ಹೊಸಬರು ದಣಿಯುವುದು ಎಲ್ಲವನ್ನೂ ನೋಡಿ ಮುಗಿಸಬೇಕೆಂಬ ಹಟದಿಂದ. ಇನ್ನೂರು ಚಿತ್ರಗಳ ಮುಂದೆ ಅರ್ಧರ್ಧ ನಿಮಿಷ ನಿಲ್ಲುವುದರ ಬದಲು ನಾಲ್ಕರ ಮುಂದೆ ಇಪ್ಪತ್ತಿಪ್ಪತ್ತು ನಿಮಿಷ ಕಳೆದರೆ, ಆ ನಾಲ್ಕು ನಿಮ್ಮವಾಗುತ್ತವೆ. ಉಳಿದವುಗಳ ಮುಂದೆ ನಡೆದುಹೋಗುವಾಗ ಅಪರಾಧಿ ಭಾವ ಬೇಡ.

ಒಪೆರಾಕ್ಕೆ ತಯಾರಿ ಇನ್ನೂ ಸುಲಭ. ಕತೆಯನ್ನು ಒಂದು ಪುಟದಷ್ಟು ಓದಿಕೊಳ್ಳಿ. ಕೊನೆಯಲ್ಲಿ ಏನಾಗುತ್ತದೆಂದು ಮೊದಲೇ ಗೊತ್ತಾಗಿಬಿಟ್ಟರೆ ಸ್ವಾರಸ್ಯ ಕೆಡುತ್ತದೆಂಬ ಅಂಜಿಕೆ ಇಲ್ಲಿ ಸಲ್ಲದು. ಇಲ್ಲಿ ಕುತೂಹಲ ಇರುವುದು ಕತೆ ಹೇಗೆ ಹಾಡಾಗುತ್ತದೆ ಎಂಬಲ್ಲಿ. ಆಮೇಲೆ ಆರಂಭದ ವಾದ್ಯಸಂಗೀತವನ್ನಷ್ಟೇ ಎರಡು ಸಲ ಕೇಳಿ. ಪೂರ್ತಿ ಒಪೆರಾ ಕೇಳಿಬಿಡಬೇಡಿ, ಹಸಿವು ಉಳಿದಿರಲಿ.

ದಿನ ಗೊತ್ತುಮಾಡುವಾಗ ಎಚ್ಚರ ಬೇಕು. ಅಕಾಡೆಮಿಯಾ ಗ್ಯಾಲರಿ ಸೋಮವಾರ ಮಧ್ಯಾಹ್ನಕ್ಕೇ ಮುಚ್ಚುತ್ತದೆ, ಪೆಗ್ಗಿ ಗುಗನ್‌ಹೈಮ್ ಸಂಗ್ರಹಕ್ಕೆ ಮಂಗಳವಾರ ರಜೆ, ಭಾನುವಾರ ಬೆಳಿಗ್ಗೆ ಚರ್ಚುಗಳಲ್ಲಿ ಪೂಜೆ. ಅರಮನೆಯ ತಂಡ ಒಂದೊಂದು ರಾತ್ರಿ ಒಂದೊಂದು ಒಪೆರಾ ಆಡುತ್ತದೆ. ಮೊದಲ ಸಲದವರಿಗೆ ವೆರ್ಡಿಯ ‘ಲಾ ಟ್ರವಿಯಾಟಾ’ ಸರಿ. ಆಸನಗಳು ಕಡಿಮೆ, ಆದ್ದರಿಂದ ಮುಂಗಡ ಟಿಕೆಟ್ ಮಾಡಿಸಿ. ಸೇತುವೆಗಳೆಲ್ಲ ಮೆಟ್ಟಿಲು, ಕಾಲಿಗೆ ಹಿತವಾದ ಚಪ್ಪಲಿ ಇರಲಿ. ಚರ್ಚಿನೊಳಗೆ ಭುಜ ಮುಚ್ಚುವ ಬಟ್ಟೆ ಇರಲಿ.

ಬೆಳಿಗ್ಗೆ: ಹತ್ತಿರ ಹೋಗಬೇಕಾದ ಚಿತ್ರ

ಅಕಾಡೆಮಿಯಾ ಗ್ಯಾಲರಿ ತೆರೆಯುವ ಹೊತ್ತಿಗೇ ಅಲ್ಲಿರಿ. ಮೊದಲು ಹುಡುಕಬೇಕಾದದ್ದು ಜೋರ್ಜೋನೆಯ ‘ಬಿರುಗಾಳಿ’. ಸುಮಾರು 1506-08ರಲ್ಲಿ ಬರೆದದ್ದು. ಎತ್ತರ 83 ಸೆಂಟಿಮೀಟರ್, ಅಗಲ 73. ದೊಡ್ಡ ದೊಡ್ಡ ಪೂಜಾಪಟಗಳ ನಡುವೆ ಇದು ಕಣ್ಣಿಗೇ ಬೀಳದಷ್ಟು ಸಣ್ಣದು.

ಪಕ್ಕದ ಫಲಕ ಓದಬೇಡಿ. ನಾಲ್ಕಡಿ ದೂರದಲ್ಲಿ ನಿಂತು ಏನೇನಿದೆ ಎಂದು ನಿಮಗೆ ನೀವೇ ಕನ್ನಡದಲ್ಲಿ ಹೇಳಿಕೊಳ್ಳಿ. ಎಡಗಡೆ ಕೋಲು ಹಿಡಿದು ನಿಂತ ಯುವಕ. ಬಲಗಡೆ ಹುಲ್ಲಿನ ಮೇಲೆ ಕೂತು ಮಗುವಿಗೆ ಹಾಲೂಡಿಸುತ್ತಿರುವ ಹೆಂಗಸು. ನಡುವೆ ಹಳ್ಳ, ಅದರ ಮೇಲೊಂದು ಸೇತುವೆ, ಮುರಿದ ಕಂಬಗಳು. ಹಿಂದೆ ಊರು, ಊರಿನ ಮೇಲೆ ಕಪ್ಪಿಟ್ಟ ಮೋಡ, ಮೋಡದಲ್ಲಿ ಒಂದು ಮಿಂಚು. ಇಷ್ಟು ಹೇಳಿಕೊಂಡ ಮೇಲೆ ಯಾರು ಯಾರನ್ನು ನೋಡುತ್ತಿದ್ದಾರೆ ಎಂದು ಕೇಳಿಕೊಳ್ಳಿ. ಯುವಕ ಆ ಹೆಂಗಸಿನ ಕಡೆ ತಿರುಗಿದ್ದಾನೆ. ಅವಳು ನೋಡುತ್ತಿರುವುದು ನಿಮ್ಮನ್ನು. ಇಬ್ಬರಿಗೂ ಮಿಂಚಿನ ಪರಿವೆ ಇಲ್ಲ.

ಈಗ ಎರಡು ಹೆಜ್ಜೆ ಮುಂದೆ ಬನ್ನಿ. ಮಿಂಚಿನ ಬೆಳಕು ಎಲ್ಲೆಲ್ಲಿ ಬಿದ್ದಿದೆ ಎಂದು ಹುಡುಕಿ. ಊರಿನ ಗೋಡೆಗಳು ಬೆಳಗಿವೆ, ಒಂದು ಮಾಡಿನ ಮೇಲೆ ಕೂತ ಬಿಳಿ ಹಕ್ಕಿ ಕಾಣುತ್ತದೆ. ಎಲೆಗಳ ಅಂಚು, ನೀರಿನ ಮೈ, ಹೆಂಗಸಿನ ಭುಜ ಎಲ್ಲವೂ ಮಳೆ ಬೀಳುವ ಮುಂಚಿನ ಆ ಒಂದು ಬಗೆಯ ಬೆಳಕಿನಲ್ಲಿ ಅದ್ದಿಕೊಂಡಿವೆ. ಗೆರೆ ಎಳೆದು ಒಳಗೆ ಬಣ್ಣ ತುಂಬಿದ ಚಿತ್ರ ಇದಲ್ಲ. ಬಣ್ಣವೇ ಬಣ್ಣಕ್ಕೆ ಕರಗಿ ಆಕಾರ ಮೂಡಿದೆ. ವೆನಿಸ್ ಚಿತ್ರಕಾರರ ಕಸುಬಿನ ಗುಟ್ಟು ಇದು, ಮತ್ತು ಹತ್ತಿರ ಹೋದವರಿಗೆ ಮಾತ್ರ ತಿಳಿಯುವಂಥದು.

ಈ ಚಿತ್ರದ ಕತೆ ಏನು? ವಿದ್ವಾಂಸರಲ್ಲಿ ಒಮ್ಮತವಿಲ್ಲ. 1530ರಲ್ಲಿ ಇದನ್ನು ವೆಂಡ್ರಮಿನ್ ಎಂಬ ಶ್ರೀಮಂತರ ಮನೆಯಲ್ಲಿ ನೋಡಿದ ಮಾರ್ಕಂತೋನಿಯೊ ಮಿಕಿಯೆಲ್, ಬಿರುಗಾಳಿಯ ಪುಟ್ಟ ನಿಸರ್ಗಚಿತ್ರ, ಅದರಲ್ಲೊಬ್ಬ ಅಲೆಮಾರಿ ಹೆಂಗಸು, ಒಬ್ಬ ಸೈನಿಕ ಎಂದಷ್ಟೇ ಬರೆದಿಟ್ಟ. ಕ್ಷ-ಕಿರಣದಲ್ಲಿ ನೋಡಿದಾಗ ಯುವಕನಿರುವ ಜಾಗದಲ್ಲಿ ಮೊದಲು ಸ್ನಾನ ಮಾಡುತ್ತಿದ್ದ ಮತ್ತೊಬ್ಬ ಹೆಂಗಸಿನ ಚಿತ್ರವಿತ್ತೆಂದು ಗೊತ್ತಾಯಿತು. ಚಿತ್ರಕಾರ ನಡುದಾರಿಯಲ್ಲಿ ಮನಸ್ಸು ಬದಲಿಸಿದ್ದಾನೆ. ಹೊಸ ರಸಿಕರಿಗೆ ಇದಕ್ಕಿಂತ ಧೈರ್ಯ ಕೊಡುವ ಚಿತ್ರ ಸಿಕ್ಕದು. ಅರ್ಥ ಗೊತ್ತಿಲ್ಲವೆಂಬ ಕಾರಣಕ್ಕೆ ಯಾರೂ ಇದರ ಮುಂದೆ ತಲೆ ತಗ್ಗಿಸಬೇಕಿಲ್ಲ. ಕಂಡದ್ದನ್ನು ನಿಖರವಾಗಿ ಕಂಡರೆ ಅದೇ ದೊಡ್ಡದು.

ದೂರ ಸರಿಯಬೇಕಾದ ಚಿತ್ರ

ಅದೇ ಗ್ಯಾಲರಿಯಲ್ಲಿ ವೆರೊನೇಸೆಯ ‘ಲೇವಿಯ ಮನೆಯ ಔತಣ’ ಇದೆ. 1573ರ ಕೃತಿ. ಎತ್ತರ ಐದೂವರೆ ಮೀಟರ್, ಅಗಲ ಹನ್ನೆರಡು ಮೀಟರಿಗೂ ಮೇಲೆ. ಇಲ್ಲಿ ಕೋಣೆಯ ಎದುರು ಗೋಡೆಯವರೆಗೂ ಹಿಂದೆ ಸರಿಯಿರಿ.

ಮೂರು ಭಾರಿ ಕಮಾನುಗಳು, ಎರಡೂ ಬದಿಯಲ್ಲಿ ಮೆಟ್ಟಿಲು, ಹಿಂದೆ ಅಮೃತಶಿಲೆಯ ನಗರ. ನಡುವಿನ ಕಮಾನಿನ ಕೆಳಗೆ ಕ್ರಿಸ್ತ. ಸುತ್ತ ಅಡುಗೆಯವರು, ಸೇವಕರು, ಗಿಳಿ ಹಿಡಿದ ವಿದೂಷಕ, ಮೂಗಿನಿಂದ ರಕ್ತ ಸೋರಿ ಕರವಸ್ತ್ರ ಹಿಡಿದವ, ಮೆಟ್ಟಿಲ ಮೇಲೆ ಕುಡಿಯುತ್ತಿರುವ ಜರ್ಮನ್ ಸಿಪಾಯಿಗಳು, ಮುಂದೆ ಒಂದು ನಾಯಿ. ಇದು ಒಂದು ಮಠದ ಊಟದ ಮನೆಗೆಂದು ಬರೆದ ಕ್ರಿಸ್ತನ ಕೊನೆಯ ಭೋಜನದ ಚಿತ್ರವಾಗಿತ್ತು. ಪವಿತ್ರ ಸಂದರ್ಭದಲ್ಲಿ ಈ ಗದ್ದಲವೇನು ಎಂದು ಧರ್ಮವಿಚಾರಣಾ ಮಂಡಳಿ 1573ರ ಜುಲೈ 18ರಂದು ಚಿತ್ರಕಾರನನ್ನು ಕರೆಸಿ ಪ್ರಶ್ನಿಸಿತು. ಕವಿಗಳಿಗೂ ಹುಚ್ಚರಿಗೂ ಇರುವ ಸ್ವಾತಂತ್ರ್ಯ ಚಿತ್ರಕಾರರಿಗೂ ಉಂಟು ಎಂಬುದು ವೆರೊನೇಸೆಯ ಉತ್ತರದ ಸಾರ. ಮೂರು ತಿಂಗಳಲ್ಲಿ ತಿದ್ದಿಕೊಡಬೇಕೆಂಬ ಆಜ್ಞೆಯಾಯಿತು. ವೆರೊನೇಸೆ ಚಿತ್ರವನ್ನು ಹಾಗೇ ಬಿಟ್ಟು ಹೆಸರನ್ನು ಬದಲಿಸಿದ, ಲೂಕನ ಸುವಾರ್ತೆಯ ಐದನೆಯ ಅಧ್ಯಾಯವನ್ನು ಸೂಚಿಸುವ ಬರಹವನ್ನು ಕಟಾಂಜನದ ಮೇಲೆ ಸೇರಿಸಿದ. ನಾಯಿ ಇದ್ದಲ್ಲೇ ಇದೆ.

ದೂರದಿಂದ ನೋಡಿ ಮುಗಿಸಿದ ಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ನಿಧಾನವಾಗಿ ನಡೆಯಿರಿ. ಪ್ರತಿ ನಾಲ್ಕು ಹೆಜ್ಜೆಗೊಂದು ಹೊಸ ದೃಶ್ಯ. ಒಬ್ಬ ಪಾತ್ರಧಾರಿ ಇನ್ನೊಬ್ಬನ ಕಡೆ ವಾಲುತ್ತಾನೆ, ಅವನು ಮೂರನೆಯವನನ್ನು ಕರೆಯುತ್ತಾನೆ. ಸಾರ್ವಜನಿಕ ಒಪೆರಾ ಮಂದಿರ ಹುಟ್ಟಲು ಇನ್ನೂ ಅರವತ್ತು ವರ್ಷ ಬಾಕಿ ಇತ್ತು. ಆದರೆ ರಂಗಸಜ್ಜಿಕೆ, ವೇಷ, ಮೇಳ, ನಡುವೆ ನಿಂತ ನಾಯಕ ಎಲ್ಲವನ್ನೂ ವೆನಿಸ್‌ನ ಕಣ್ಣು ಅಷ್ಟರಲ್ಲಿ ಅಭ್ಯಾಸ ಮಾಡಿಕೊಂಡಿತ್ತು. ಸಂಜೆಗೆ ಇದು ನೆನಪಿರಲಿ.

ಮಧ್ಯಾಹ್ನ: ತನ್ನ ಜಾಗಕ್ಕೆಂದೇ ಬರೆದ ಚಿತ್ರ

ಇಲ್ಲಿಂದ ಕಾಲುಗಂಟೆ ನಡೆದರೆ ಫ್ರಾರಿ ಚರ್ಚು. ಇಲ್ಲಿಯ ಮುಖ್ಯ ಪೂಜಾಪೀಠದ ಮೇಲೆ ಟಿಷಿಯನ್‌ನ ‘ಮೇರಿಯ ಸ್ವರ್ಗಾರೋಹಣ’ ಇದೆ. 1518ರಲ್ಲಿ ಇದೇ ಜಾಗಕ್ಕೆಂದು ಬರೆದು ಮುಗಿಸಿದ್ದು. ಎತ್ತರ ಹೆಚ್ಚುಕಡಿಮೆ ಏಳು ಮೀಟರ್. ಗ್ಯಾಲರಿಯಲ್ಲಿ ದೂರವನ್ನು ನೀವು ಆರಿಸಿಕೊಂಡಿರಿ, ಇಲ್ಲಿ ಚಿತ್ರಕಾರನೇ ಆರಿಸಿಟ್ಟಿದ್ದಾನೆ. ಚರ್ಚಿನ ತೀರಾ ಹಿಂದೆ, ನಡುದಾರಿಯಲ್ಲಿ ನಿಲ್ಲಿ. ಸನ್ಯಾಸಿಗಳ ಹಾಡುಪೀಠದ ಮುಂದಿನ ಕಲ್ಲಿನ ಗೋಡೆಗೊಂದು ಕಮಾನು ಇದೆ. ಆ ಕಮಾನಿನೊಳಗೆ ಸರಿಯಾಗಿ ಕೂತಂತೆ ಮೇರಿ ಕಾಣುತ್ತಾಳೆ.

ಈಗ ಕೆಂಪನ್ನು ಮಾತ್ರ ನೋಡಿ. ಕೆಳಗೆ ಬೆರಗಾಗಿ ಕೈ ಚಾಚಿದ ಶಿಷ್ಯರಲ್ಲಿ ಇಬ್ಬರ ಕೆಂಪು ಬಟ್ಟೆ, ಅವುಗಳ ಮೇಲೆ ಮೇರಿಯ ಕೆಂಪು ಉಡುಗೆ. ಮೂರೂ ಸೇರಿ ತ್ರಿಕೋನವಾಗಿ ಕಣ್ಣನ್ನು ಮೇಲಕ್ಕೆ ಎಳೆಯುತ್ತವೆ. ಹಿಂದಿನ ಎತ್ತರದ ಕಿಟಕಿಗಳ ಬೆಳಕು ಕಣ್ಣಿಗೆ ಹೊಡೆಯುತ್ತಿದ್ದರೂ ಚಿತ್ರ ಸೋಲುವುದಿಲ್ಲ, ಏಕೆಂದರೆ ಆ ಬೆಳಕಿನ ಜೊತೆ ಸೆಣಸುವಷ್ಟು ಗಟ್ಟಿಯಾಗಿ ಬಣ್ಣ ಹಾಕಿದೆ. ಬೇರೆ ಯಾವ ಗೋಡೆಗೆ ತೂಗುಹಾಕಿದರೂ ಈ ಚಿತ್ರದ ಅರ್ಧ ಬಲ ಹೋಗುತ್ತಿತ್ತು.

ಹೊರಡುವ ಮೊದಲು ಒಂದು ಬದಿಯ ಗುಡಿಯಲ್ಲಿ ನೆಲಕ್ಕೆ ಹಾಸಿದ ಕಲ್ಲೊಂದನ್ನು ನೋಡಿ. ಕ್ಲಾಡಿಯೊ ಮೊಂಟೆವೆರ್ಡಿಯ ಸಮಾಧಿ. 1613ರಿಂದ 1643ರಲ್ಲಿ ತೀರಿಕೊಳ್ಳುವವರೆಗೆ ಸೇಂಟ್ ಮಾರ್ಕ್ ಚರ್ಚಿನ ಸಂಗೀತದ ಮುಖ್ಯಸ್ಥನಾಗಿದ್ದ ಈತ, ಎಪ್ಪತ್ತರ ಆಸುಪಾಸಿನಲ್ಲಿ ವೆನಿಸ್‌ನ ಹೊಸ ರಂಗಮಂದಿರಗಳಿಗೆ ಒಪೆರಾ ಬರೆದುಕೊಟ್ಟ. ಅವುಗಳಲ್ಲಿ ‘ಪೊಪ್ಪೆಯಾಳ ಪಟ್ಟಾಭಿಷೇಕ’ ಇಂದಿಗೂ ಜಗತ್ತಿನ ರಂಗಗಳ ಮೇಲಿದೆ. ಟಿಷಿಯನ್‌ನ ಸಮಾಧಿಯೂ ಇದೇ ಚರ್ಚಿನಲ್ಲಿದೆ. ನಿಮ್ಮ ದಿನದ ಎರಡು ಕಲೆಗಳು ಒಂದೇ ಸೂರಿನಡಿ ಸೇರುವ ಜಾಗ ಇದು.

ಊಟಕ್ಕೆ ಹತ್ತಿರದ ‘ಬಾಕರೊ’ಗಳಲ್ಲಿ ಒಂದಕ್ಕೆ ಹೋಗಿ. ನಿಂತೇ ತಿನ್ನುವ ಸಣ್ಣ ತಿಂಡಿಗಳು ಸಿಗುತ್ತವೆ. ಸಸ್ಯಾಹಾರಿಗಳು ಮೊದಲೇ ಕೇಳಿ ಆರಿಸಿಕೊಳ್ಳಲಿ. ಹೊಟ್ಟೆ ಬಿರಿಯೆ ಉಂಡರೆ ಇಳಿಹೊತ್ತಿನ ಚಿತ್ರ ಮಸುಕಾಗುತ್ತದೆ.

ಇಳಿಹೊತ್ತು: ಕಣ್ಣಿಗೆ ಬೇರೆ ರುಚಿ

ನಾಲ್ಕನೆಯ ಚಿತ್ರ ಪೆಗ್ಗಿ ಗುಗನ್‌ಹೈಮ್ ಸಂಗ್ರಹದಲ್ಲಿದೆ. ಗ್ರ್ಯಾಂಡ್ ಕೆನಾಲ್ ಮೇಲಿನ ಈ ಅರಮನೆಯ ಕಟ್ಟಡ ಒಂದೇ ಅಂತಸ್ತಿಗೆ ನಿಂತುಹೋಯಿತು. ಅಮೆರಿಕದ ಪೆಗ್ಗಿ ಗುಗನ್‌ಹೈಮ್ 1979ರಲ್ಲಿ ತೀರಿಕೊಳ್ಳುವವರೆಗೆ ಮೂವತ್ತು ವರ್ಷ ಇಲ್ಲಿ ತನ್ನ ಸಂಗ್ರಹದ ನಡುವೆ ಬಾಳಿದಳು. ಕೋಣೆಗಳು ಮನೆಯ ಅಳತೆಯವು, ಆದ್ದರಿಂದ ಆಧುನಿಕ ಚಿತ್ರಕ್ಕೆ ಹೆದರುವವರಿಗೂ ಇಲ್ಲಿ ಹಾಯೆನಿಸುತ್ತದೆ.

ಜಾಕ್ಸನ್ ಪೊಲಾಕ್‌ನ ‘ಆಲ್ಕೆಮಿ’ ಎದುರು ನಿಲ್ಲಿ. 1947ರದ್ದು. ಕ್ಯಾನ್‌ವಾಸನ್ನು ಮಲಗಿಸಿ, ಮೇಲಿನಿಂದ ಬಣ್ಣ ಸುರಿದು, ಚಿಮ್ಮಿಸಿ ಮಾಡಿದ ಚಿತ್ರ. ದೂರದಿಂದ ಬೂದುಬಣ್ಣದ ಗೊಂಡಾರಣ್ಯ. ಹತ್ತಿರ ಬಂದರೆ ಬಿಳಿ, ಹಳದಿ, ಕೆಂಪು ಎಳೆಗಳು ಬೇರೆ ಬೇರೆಯಾಗಿ ಕಾಣತೊಡಗುತ್ತವೆ, ಬೆಳ್ಳಿಯಂತೆ ಹೊಳೆಯುವ ಅಲ್ಯುಮಿನಿಯಂ ಬಣ್ಣ, ಮರಳು, ಸಣ್ಣ ಕಲ್ಲು, ದಾರದ ಚೂರುಗಳು ಕೂಡ. ಒಂದು ಬಿಳಿ ಎಳೆಯನ್ನು ಹಿಡಿದು ಅದು ಎಲ್ಲಿ ಮುಳುಗುತ್ತದೆ, ಎಲ್ಲಿ ಏಳುತ್ತದೆ ಎಂದು ಕಣ್ಣಲ್ಲೇ ಹಿಂಬಾಲಿಸಿ. ಕೈಯ ವೇಗ ನಿಮಗೆ ಗೊತ್ತಾಗುತ್ತದೆ. ಬೆಳಿಗ್ಗೆ ಜೋರ್ಜೋನೆಯಲ್ಲಿ ನೋಡಿದ ಬಣ್ಣವೇ ಇಲ್ಲಿ ಮರ, ಮೋಡ, ಮನುಷ್ಯ ಯಾವುದರ ಹಂಗೂ ಇಲ್ಲದೆ ನಿಂತಿದೆ.

ಇಷ್ಟು ಸಾಕು. ಜಗಲಿಯಲ್ಲಿ ಕಾಲುವೆ ನೋಡುತ್ತ ಕೂತುಕೊಳ್ಳಿ. ಒಪೆರಾಕ್ಕೆ ಮೊದಲು ಕಣ್ಣಿಗೆ ಎರಡು ಗಂಟೆಯಾದರೂ ವಿಶ್ರಾಂತಿ ಬೇಕು.

ಸಂಜೆಗೆ ಮುನ್ನ ತಿಳಿದಿರಲಿ

‘ಲಾ ಟ್ರವಿಯಾಟಾ’ದ ಕತೆ ಪ್ಯಾರಿಸ್‌ನದು. ವಿಯೊಲೆಟ್ಟಾ ಶ್ರೀಮಂತರ ಆಸರೆಯಲ್ಲಿ ಬದುಕುವ ವೇಶ್ಯೆ, ಕ್ಷಯರೋಗಿ. ಆಲ್ಫ್ರೆಡೊ ಎಂಬ ಯುವಕನ ಪ್ರೀತಿಗೆ ಮನಸೋತು ಎಲ್ಲವನ್ನೂ ಬಿಟ್ಟು ಅವನೊಂದಿಗೆ ಹಳ್ಳಿಗೆ ಹೋಗುತ್ತಾಳೆ. ಅವನ ತಂದೆ ಜೆರ್ಮೊಂ ಬಂದು, ನಿನ್ನಿಂದ ನನ್ನ ಮಗಳ ಮದುವೆ ಮುರಿಯುತ್ತದೆ, ಮಗನನ್ನು ಬಿಟ್ಟುಬಿಡು ಎಂದು ಬೇಡುತ್ತಾನೆ. ಅವಳು ಕಾರಣ ಹೇಳದೆ ಹೊರಟುಹೋಗುತ್ತಾಳೆ. ಸತ್ಯ ತಿಳಿದು ಆಲ್ಫ್ರೆಡೊ ಮರಳುವ ಹೊತ್ತಿಗೆ ಅವಳಿಗೆ ಉಳಿದಿರುವುದು ಕೆಲವು ಗಳಿಗೆ. ಮೂಲ ಅಲೆಕ್ಸಾಂಡರ್ ಡ್ಯೂಮಾ ಮಗನ ಕಾದಂಬರಿ ಮತ್ತು ನಾಟಕ. ಹಾಡಿಗೆ ಮಾತು ಹೊಂದಿಸಿದವನು ವೆನಿಸ್‌ನ ಮುರಾನೊ ದ್ವೀಪದಲ್ಲಿ ಹುಟ್ಟಿದ ಪಿಯಾವೆ.

ಈ ಒಪೆರಾ ಮೊದಲು ರಂಗಕ್ಕೆ ಬಂದದ್ದು ವೆನಿಸ್‌ನ ಲಾ ಫೆನಿಚೆ ಮಂದಿರದಲ್ಲಿ, 1853ರ ಮಾರ್ಚ್ 6ರಂದು. ಪಾತ್ರಗಳು ತನ್ನ ಕಾಲದ ಬಟ್ಟೆಯಲ್ಲೇ ಇರಬೇಕೆಂಬುದು ವೆರ್ಡಿಯ ಆಸೆ. ಪ್ರೇಕ್ಷಕರು ತಮ್ಮ ನಡುವೆಯೇ ಇರುವ ಹೆಣ್ಣೊಬ್ಬಳನ್ನು, ತಮ್ಮದೇ ಕುಟುಂಬಗಳ ಕಪಟವನ್ನು ಎದುರಿಗೇ ನೋಡಬೇಕಿತ್ತು. ಅದಕ್ಕೆ ಒಪ್ಪಿಗೆ ಸಿಗಲಿಲ್ಲ. ಕತೆಯನ್ನು ನೂರೈವತ್ತು ವರ್ಷ ಹಿಂದಕ್ಕೆ, 1700ರ ಸುಮಾರಿಗೆ ತಳ್ಳಲಾಯಿತು. ಜೊತೆಗೆ ಕ್ಷಯದಿಂದ ಸೊರಗಿದವಳ ಪಾತ್ರಕ್ಕೆ ಮೈದುಂಬಿದ ಗಾಯಕಿ ಎಂದು ಜನ ನಕ್ಕರು. ಮೊದಲ ರಾತ್ರಿ ಸೋತಿತು. ಮರುವರ್ಷ ಮೇ ತಿಂಗಳಲ್ಲಿ, ಅದೇ ಊರಿನ ಸ್ಯಾನ್ ಬೆನೆಡೆಟ್ಟೊ ಮಂದಿರದಲ್ಲಿ, ಕೆಲವು ತಿದ್ದುಪಡಿಗಳೊಂದಿಗೆ ಗೆದ್ದಿತು. ವೆರ್ಡಿ ಹತ್ತಿರ ತರಲು ಹೊರಟದ್ದನ್ನು ಉಳಿದವರು ದೂರ ಸರಿಸಿದರು ಎಂಬುದೇ ಆ ಕತೆಯ ತಿರುಳು. ಅರಮನೆಯ ಪ್ರಯೋಗ ಆ ದೂರವನ್ನು ಮತ್ತೆ ಅಳಿಸಲು ನೋಡುತ್ತದೆ.

ಕೇಳುವವರಿಗೆ ಇನ್ನೊಂದು ಸುಳಿವು. ವೆರ್ಡಿಯ ಕಾಲದ ದೊಡ್ಡ ಹಾಡುಗಳಿಗೆ ಸಾಮಾನ್ಯವಾಗಿ ಎರಡು ಭಾಗ. ಮೊದಲನೆಯದು ನಿಧಾನ, ಪಾತ್ರ ಅಲ್ಲಿ ಯೋಚಿಸುತ್ತದೆ. ನಡುವೆ ಏನೋ ಒಂದು ಸುದ್ದಿ, ಒಂದು ನೆನಪು ಬಂದು ಕಲಕುತ್ತದೆ. ಎರಡನೆಯದು ವೇಗ; ಅಲ್ಲಿ ತೀರ್ಮಾನ. ಭಾಷೆ ತಿಳಿಯದಿದ್ದರೂ ವೇಗ ಬದಲಾದ ಕ್ಷಣವನ್ನು ಹಿಡಿದರೆ ಪಾತ್ರದ ಮನಸ್ಸು ತಿರುಗಿದ ಕ್ಷಣ ಸಿಕ್ಕಿದ ಹಾಗೆಯೇ.

ಇರುಳು: ಮೂರು ಕೋಣೆ, ಮೂರು ಅಂಕ

ತಂಡ ಒಪೆರಾ ಆಡುವ ಅರಮನೆ ಪಲಾಜೊ ಬಾರ್ಬರಿಗೊ ಮಿನೊಟ್ಟೊ ಇರುವುದು ಸಾಂತಾ ಮರಿಯಾ ದೆಲ್ ಜೀಲ್ಯೊ ಚರ್ಚಿನ ಸಮೀಪ, ಲಾ ಫೆನಿಚೆಯಿಂದ ಕೆಲವೇ ನಿಮಿಷದ ದಾರಿ. ಮೆಟ್ಟಿಲು ಹತ್ತಿ ಹೋದರೆ ಉದ್ದನೆಯ ನಡುಮನೆ. ಕುರ್ಚಿಗಳು ಗೋಡೆಗುಂಟ. ಮೂವರು ಗಾಯಕರು: ಹೆಣ್ಣಿನ ಎತ್ತರದ ದನಿಯ ಸೊಪ್ರಾನೊ, ಗಂಡಿನ ಎತ್ತರದ ದನಿಯ ಟೆನರ್, ಅದಕ್ಕಿಂತ ತಗ್ಗಿನ ಬ್ಯಾರಿಟೋನ್. ಪಕ್ಕದಲ್ಲಿ ಪಿಯಾನೋ, ಕೆಲವೇ ತಂತಿವಾದ್ಯ. ಮೈಕಿಲ್ಲ.

ಮೊದಲ ಅಂಕ ವಿಯೊಲೆಟ್ಟಾಳ ಮನೆಯ ಔತಣ. ಮೇಳಗಾನದವರು ಇಲ್ಲದ ಕಾರಣ ಅತಿಥಿಗಳು ನೀವೇ. ಪಾನಗೋಷ್ಠಿಯ ಪ್ರಸಿದ್ಧ ಹಾಡು ನಿಮ್ಮ ನಡುವೆಯೇ ಓಡಾಡುತ್ತದೆ. ಬೆಳಿಗ್ಗೆ ನೀವು ಹೊರಗೆ ನಿಂತು ನೋಡಿದ ವೆರೊನೇಸೆಯ ಔತಣದ ಒಳಗೆ ಈಗ ಕೂತಿದ್ದೀರಿ. ಅಂಕದ ಕೊನೆಯಲ್ಲಿ ಅವಳು ಒಬ್ಬಳೇ ಉಳಿಯುತ್ತಾಳೆ. ನಿಧಾನದ ಭಾಗದಲ್ಲಿ ಈ ಪ್ರೀತಿ ನಿಜವಿರಬಹುದೇ ಎಂಬ ಯೋಚನೆ. ಛೇ, ಹುಚ್ಚು ಎಂದು ತಳ್ಳಿಹಾಕಿ ವೇಗದ ಭಾಗಕ್ಕೆ ಜಿಗಿಯುತ್ತಾಳೆ: ತಾನು ಸ್ವತಂತ್ರಳಾಗಿಯೇ ಇರುವೆನೆಂಬ ಹಟ. ಅಷ್ಟರಲ್ಲಿ ಹೊರಗಿನಿಂದ ಆಲ್ಫ್ರೆಡೊನ ದನಿ. ಕಣ್ಣಿಗೆ ಕಾಣದ ಆ ದನಿಗೆ ಅವಳ ಮುಖದಲ್ಲಿ ಆಗುವ ಬದಲಾವಣೆಯನ್ನು ನೋಡಿ. ಸ್ವರಗಳ ಸರಮಾಲೆ ಗಂಟಲ ಕಸರತ್ತು ಎಂದು ದೂರದಲ್ಲಿ ಕೂತವರಿಗೆ ಅನ್ನಿಸಬಹುದು. ಹತ್ತಿರದಿಂದ ಅದು ತನ್ನ ಭಯವನ್ನು ಮುಚ್ಚಿಕೊಳ್ಳಲು ಹೆಣಗುವ ಹೆಣ್ಣಿನ ಉಸಿರು.

ಧಾರವಾಡದ ಮನೆಗಳಲ್ಲಿ ಬೈಠಕ್ ಕೇಳಿ ಬೆಳೆದವರಿಗೆ ಈ ಕೋಣೆಯ ಸುಖ ಬೇಗ ಹಿಡಿಯುತ್ತದೆ. ಹಾಡುವವರು ಉಸಿರು ಎಳೆದುಕೊಳ್ಳುವ ಸದ್ದು, ಮೇಲಿನ ಸ್ವರಕ್ಕೆ ಹೋಗುವ ಮುನ್ನ ಭುಜ ಸಡಿಲಿಸುವ ಬಗೆ, ಪಿಟೀಲಿನವರು ಗಾಯಕಿಯ ತುಟಿ ನೋಡಿ ಕಮಾನು ಎತ್ತುವ ಗಳಿಗೆ, ಎಲ್ಲವೂ ಸಂಗೀತದ ಪಾಲಾಗಿಬಿಡುತ್ತವೆ.

ಎರಡನೆಯ ಅಂಕಕ್ಕೆ ಎದ್ದು ಚಿತ್ರಕಾರ ಟಿಯೆಪೊಲೊನ ಹೆಸರು ಹೊತ್ತ ಕೋಣೆಗೆ ಹೋಗುತ್ತೀರಿ. ಇದು ಇಡೀ ಒಪೆರಾದ ಹೃದಯ, ಮತ್ತು ಇದರಲ್ಲಿ ಗದ್ದಲವೇ ಇಲ್ಲ: ಒಬ್ಬ ಮುದುಕ ಒಬ್ಬ ಹೆಣ್ಣನ್ನು ಒಪ್ಪಿಸುತ್ತಾನೆ. ಜೆರ್ಮೊಂನ ಹಾಡು ಉದ್ದುದ್ದ, ನಯ, ಹದವಾದ ಸಾಲುಗಳಲ್ಲಿ ಬರುತ್ತದೆ. ವಿಯೊಲೆಟ್ಟಾಳದು ತುಂಡು ತುಂಡು. ಸಮಾಜದಲ್ಲಿ ನೆಲೆ ಇದ್ದವನಿಗೂ ಇಲ್ಲದವಳಿಗೂ ಇರುವ ಅಂತರವನ್ನು ವೆರ್ಡಿ ಸಾಲಿನ ಉದ್ದದಲ್ಲೇ ತೋರಿಸಿದ್ದಾನೆ. ಅವಳು ಸೋತು ಒಪ್ಪಿಕೊಳ್ಳುವ ಕ್ಷಣದಲ್ಲಿ ವಾದ್ಯಗಳು ತಗ್ಗಿ, ಅವಳ ದನಿ ತೀರಾ ಮೆಲ್ಲಗೆ ಒಂದು ಉದ್ದ ಸಾಲನ್ನು ಹಿಡಿಯುತ್ತದೆ. ಆಮೇಲೆ ಆಲ್ಫ್ರೆಡೊನನ್ನು ಬಿಟ್ಟು ಹೋಗುವಾಗ ಅದೇ ದನಿ ಒಮ್ಮೆಲೇ ಪೂರ್ತಿ ತೆರೆದುಕೊಳ್ಳುತ್ತದೆ. ನೀವು ಹಿಂದಿನ ದಿನ ಎರಡು ಸಲ ಕೇಳಿದ ಆರಂಭದ ಸಂಗೀತದಲ್ಲಿ ಇದೇ ಧಾಟಿ ಇತ್ತು. ಗುರುತು ಸಿಕ್ಕಾಗ ಆಗುವ ಸಂತೋಷವೇ ಬೇರೆ.

ಮೂರನೆಯ ಅಂಕ ಮಲಗುವ ಕೋಣೆಯಲ್ಲಿ. ಸುತ್ತ ಕೂತ ನಿಮ್ಮ ನಡುವೆ ಅವಳು ಸಾಯುತ್ತಿದ್ದಾಳೆ. ಜೆರ್ಮೊಂ ಬರೆದ ಪತ್ರವನ್ನು ಅವಳು ಹಾಡುವುದಿಲ್ಲ, ಬರಿಯ ಮಾತಿನಲ್ಲಿ ಓದುತ್ತಾಳೆ. ಹಿಂದೆ ಪಿಟೀಲು ಮೊದಲ ಅಂಕದ ಪ್ರೇಮದ ಧಾಟಿಯನ್ನು ಮೆಲ್ಲಗೆ ನುಡಿಸುತ್ತದೆ. ಎರಡು ಗಂಟೆ ಹಾಡಿದವಳು ಹಾಡು ನಿಲ್ಲಿಸಿದಾಗ, ಶಕ್ತಿ ಮುಗಿಯಿತೆಂದು ಕೇಳುವವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಹೊರಗೆ ಕಾರ್ನಿವಲ್ ಹಬ್ಬದ ಕಾಲವೆಂದು ಕತೆ ಹೇಳುತ್ತದೆ. ಕೊನೆಗೆ ನೋವೆಲ್ಲ ಹೋಯಿತೆಂದು ಅವಳು ಎದ್ದು ನಿಲ್ಲುತ್ತಾಳೆ, ಮರುಗಳಿಗೆ ಬೀಳುತ್ತಾಳೆ. ಈ ಮೂರು ಅಂಕಗಳಿಗೆ ಮೂರು ಬಗೆಯ ದನಿ ಬೇಕೆಂಬುದು ಗಾಯಕಿಯರ ನಡುವಿನ ಹಳೆಯ ಮಾತು: ಮೊದಲಿಗೆ ಚುರುಕು, ನಡುವೆ ಭಾವ, ಕೊನೆಗೆ ತೂಕ. ಮೂರನ್ನೂ ಒಬ್ಬಳೇ ಕೊಡುವುದನ್ನು ಇಷ್ಟು ಸಮೀಪದಿಂದ ಕೇಳುವುದು ದೊಡ್ಡ ಭಾಗ್ಯ.

ಕೆಲವು ಸೂಚನೆಗಳು. ಕೋಣೆ ಬದಲಾದಾಗ ಕೂರುವ ಜಾಗವೂ ಬದಲಾಗುತ್ತದೆ. ಸಾಧ್ಯವಾದರೆ ಒಂದು ಅಂಕಕ್ಕೆ ಹಾಡುವವರ ಪಕ್ಕ, ಮತ್ತೊಂದಕ್ಕೆ ವಾದ್ಯಗಳ ಪಕ್ಕ ಕೂತು ನೋಡಿ. ಹಾಡು ಪೂರ್ತಿ ಮುಗಿದ ಮೇಲೆ ಚಪ್ಪಾಳೆ ಹೊಡೆಯಿರಿ, ಸ್ವರ ಇನ್ನೂ ಗಾಳಿಯಲ್ಲಿರುವಾಗ ಬೇಡ. ಫೋನ್ ಆರಿಸಿ. ಗಾಯಕಿ ನೇರ ನಿಮ್ಮ ಕಣ್ಣಲ್ಲಿ ಕಣ್ಣಿಟ್ಟು ಹಾಡಿದರೆ ದೃಷ್ಟಿ ತಪ್ಪಿಸಬೇಡಿ.

ಒಪೆರಾ ಗ್ಯಾಲರಿಗೇ ಬಂದಾಗ

ದೂರವನ್ನು ತಲೆಕೆಳಗು ಮಾಡಿದ ಒಪೆರಾವೂ ವೆನಿಸ್‌ನಲ್ಲಿ ನಡೆದಿದೆ. 2019ರ ಬಿಯೆನಾಲೆ ಕಲಾಪ್ರದರ್ಶನದಲ್ಲಿ ಲಿಥುವೇನಿಯಾ ದೇಶದ ಪರವಾಗಿ ರುಗಿಲೆ ಬಾರ್ಜ್ಜ್ಯುಕೈತೆ, ವೈವಾ ಗ್ರೈನಿತೆ, ಲೀನಾ ಲಾಪೆಲಿತೆ ಎಂಬ ಮೂವರು ಕಲಾವಿದೆಯರು ‘ಸೂರ್ಯ ಮತ್ತು ಸಮುದ್ರ’ ಎಂಬ ಒಪೆರಾ ಮಾಡಿದರು. ನೌಕಾಪಡೆಯ ಕಟ್ಟಡವೊಂದರ ನೆಲಕ್ಕೆ ಮರಳು ಹಾಸಿ ಕಡಲತೀರ ಕಟ್ಟಿದ್ದರು. ಈಜುಡುಗೆಯ ಗಾಯಕರು ಟವೆಲ್ ಹಾಸಿ ಮಲಗಿಯೇ ಹಾಡುತ್ತಿದ್ದರು: ರಜೆಯ ಬೇಸರ, ದುಡಿತದ ದಣಿವು, ಕಾವೇರುತ್ತಿರುವ ಭೂಮಿ. ಪ್ರೇಕ್ಷಕರು ಮೇಲಿನ ಜಗಲಿಯಿಂದ ಇಣುಕಿ ನೋಡಬೇಕಿತ್ತು, ಸೂರ್ಯ ನೋಡುವ ಎತ್ತರದಿಂದ. ಆ ವರ್ಷ ಅತ್ಯುತ್ತಮ ರಾಷ್ಟ್ರೀಯ ಪ್ರದರ್ಶನಕ್ಕೆ ಕೊಡುವ ಚಿನ್ನದ ಸಿಂಹ ಪ್ರಶಸ್ತಿ ಅದಕ್ಕೆ ಸಂದಿತು.

ಅದೇ 2019ರಲ್ಲಿ ಬಿಯೆನಾಲೆಯ ಭಾರತದ ಮಂಟಪದಲ್ಲಿ ವಿಜಯಪುರ ಜಿಲ್ಲೆಯ ಸಿಂದಗಿಯ ಜಿ. ಆರ್. ಈರಣ್ಣ ಅವರ ‘ನಾವು’ ಎಂಬ ಕೃತಿ ಇತ್ತು. ಗೋಡೆಯ ತುಂಬ ನೂರಾರು ಮರದ ಪಾದುಕೆಗಳು. ದೂರದಿಂದ ಒಂದೇ ದಿಕ್ಕಿಗೆ ಹೊರಟ ಜನಸಾಗರ. ಹತ್ತಿರ ಹೋದರೆ ಪಾದುಕೆಗಳಿಗೆ ಅಂಟಿಕೊಂಡ ಸಣ್ಣಪುಟ್ಟ ವಸ್ತುಗಳಿಂದ ಒಬ್ಬೊಬ್ಬರ ಗುರುತು. ಎರಡು ದೂರಗಳಿಂದಲೂ ನೋಡಿದವರಿಗಷ್ಟೇ ಆ ಕೃತಿ ಪೂರ್ತಿ ಸಿಗುತ್ತಿತ್ತು. ಕಲಾ ಬಿಯೆನಾಲೆ ಈಗ ಸಮಸಂಖ್ಯೆಯ ವರ್ಷಗಳಲ್ಲಿ ನಡೆಯುತ್ತದೆ. ನಿಮ್ಮ ಪ್ರವಾಸ ಆ ವರ್ಷಕ್ಕೆ ಬಿದ್ದರೆ ಒಂದು ದಿನ ಹೆಚ್ಚಿಟ್ಟುಕೊಳ್ಳಿ.

ಮುಂದಿನ ಹೆಜ್ಜೆ

ಅರಮನೆಯ ಒಪೆರಾದಲ್ಲಿ ಸಿಗದ್ದೂ ಇದೆ. ಅರವತ್ತು ವಾದ್ಯಗಳು ಒಟ್ಟಿಗೆ ಏಳುವ ಅಲೆ ಇಲ್ಲಿಲ್ಲ, ನೂರು ಕಂಠಗಳ ಮೇಳವಿಲ್ಲ. ಆರಂಭದ ಸಂಗೀತದಲ್ಲಿ ಹಲವು ಪಿಟೀಲುಗಳು ಗುಂಪುಗುಂಪಾಗಿ ಒಡೆದು ತೀರಾ ಎತ್ತರದಲ್ಲಿ, ತೀರಾ ಮೆಲ್ಲಗೆ ನುಡಿಯುವ ಆ ನಡುಕವನ್ನು ಕೆಲವೇ ತಂತಿವಾದ್ಯಗಳು ಕೊಡಲಾರವು. ಅದಕ್ಕೇ ಇದನ್ನು ಬಾಗಿಲು ಎಂದುಕೊಳ್ಳಿ, ಮನೆಯೆಂದಲ್ಲ. ಲಾ ಫೆನಿಚೆ 1996ರಲ್ಲಿ ಸುಟ್ಟುಹೋಗಿ ಮತ್ತೆ ಎದ್ದು ನಿಂತಾಗ, 2004ರಲ್ಲಿ ಅಲ್ಲಿ ಮೊದಲು ಆಡಿದ ಒಪೆರಾ ಕೂಡ ‘ಲಾ ಟ್ರವಿಯಾಟಾ’ವೇ. ಅಲ್ಲಿ ಇಲ್ಲವೇ ಬೇರಾವ ಊರಿನ ದೊಡ್ಡ ಮಂದಿರದಲ್ಲೇ ಆಗಲಿ, ಅದನ್ನು ಇನ್ನೊಮ್ಮೆ ಕೇಳಿ. ವಿಯೊಲೆಟ್ಟಾ ಎಲ್ಲಿ ಉಸಿರು ಎಳೆದುಕೊಳ್ಳುತ್ತಾಳೆ, ಎಲ್ಲಿ ಅವಳ ಮನಸ್ಸು ತಿರುಗುತ್ತದೆ ಎಂದು ನಿಮಗೀಗ ಗೊತ್ತು. ಮುಖ ಕಾಣದಷ್ಟು ಮೇಲಿನ ಸಾಲಾದರೂ ಚಿಂತೆಯಿಲ್ಲ. ಅಗ್ಗದ ಟಿಕೆಟ್ಟನ್ನೇ ಕೊಳ್ಳಿ, ಉಳಿದ ಹಣದಲ್ಲಿ ಮರುದಿನ ಇನ್ನೊಂದು ಗ್ಯಾಲರಿಗೆ ಹೋಗಿ.